ಸ್ಟೀಲ್‌ಗೆ ಕನ್ನಡಿಯ ಹೊಳಪು ಬರುವುದು ಹೇಗೆ?

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮನೆ ಎದ್ದಿತೆಂದರೆ ಮೆಟ್ಟಿಲಿಗೂ ಬಾಲ್ಕನಿಗೂ ಸ್ಟೀಲ್ ರೇಲಿಂಗ್ ಬಂದಿತೆಂದೇ ಲೆಕ್ಕ. ಗೃಹಪ್ರವೇಶದ ಹಿಂದಿನ ದಿನ ಪೈಪಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸುಲಿದಾಗ ಬಾಗಿಲಿನ ಮಾವಿನ ತೋರಣ ಕಂಬಿಯೊಳಗೆ ಕಾಣುತ್ತದೆ. ಮನೆಯವರ ಕಣ್ಣು ತಂಪಾಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಕಂಬಿಯ ಬೆಸುಗೆಗಳ ಸುತ್ತ ಕಂದು ಚುಕ್ಕೆಗಳು ಏಳುತ್ತವೆ. ನಮ್ಮ ಮನೆಯ ಮೆಟ್ಟಿಲಿನಲ್ಲೂ ಹೀಗೇ ಆಯಿತು. ಪೈಪಿನ ಉದ್ದಕ್ಕೂ ಬೆರಳಾಡಿಸಿದರೆ ಎಣ್ಣೆ ಸವರಿದಷ್ಟು ನುಣುಪು. ಬೆಸುಗೆಯ ಹತ್ತಿರ ಬಂದೊಡನೆ ಉಗುರಿಗೆ ಗರಗರ ತಾಗುವ ಗೀರುಗಳು, ಚುಕ್ಕೆಗಳೆಲ್ಲ ಆ ಗೀರುಗಳ ಒಳಗೇ.

‘ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಎಂದಿದ್ದರಲ್ಲ?’ ಎಂದು ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಸ್ಟೀಲ್ ಹೊಳೆಯುವುದು ಹೇಗೆ, ಆ ಹೊಳಪನ್ನು ತರುವವರು ಏನು ಮಾಡುತ್ತಾರೆ ಎಂಬುದನ್ನು ಮೊದಲಿನಿಂದ ನೋಡಬೇಕು.

ಸ್ಟೀಲ್ ಎಂದು ನಾವು ಕರೆಯುವ ಲೋಹ

ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು. ಗೇಟು, ಕಿಟಕಿಯ ಸರಳು, ಚಾವಣಿಯ ಕಂಬಿ ಎಲ್ಲವೂ ಉಕ್ಕೇ, ಎಲ್ಲವೂ ತುಕ್ಕು ಹಿಡಿಯುವಂಥವೇ. ಆ ಉಕ್ಕಿಗೆ ಕ್ರೋಮಿಯಂ ಎಂಬ ಲೋಹವನ್ನು ನೂರಕ್ಕೆ ಕನಿಷ್ಠ 10.5 ಪಾಲಿನಷ್ಟು ಬೆರೆಸಿದರೆ ಸ್ಟೇನ್‌ಲೆಸ್ ಸ್ಟೀಲ್ ಆಗುತ್ತದೆ. ನಮ್ಮ ಅಡುಗೆಮನೆಯ ಮಾತಿನಲ್ಲಿ ಬರೀ ‘ಸ್ಟೀಲ್’. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಥ ಉಕ್ಕನ್ನು ಕರಗಿಸಿ ತೆಗೆದರು. ಕ್ರೋಮಿಯಂ ಸಿಗುವುದು ಕ್ರೋಮೈಟ್ ಎಂಬ ಕಪ್ಪು ಅದಿರಿನಿಂದ. ಅದಕ್ಕಾಗಿ ನಮ್ಮದೇ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಗಣಿ ತೋಡಿದ್ದಾರೆ.

ಕ್ರೋಮಿಯಂ ಮಾಡುವ ಕೆಲಸ ಸರಳವಾದದ್ದು. ಗಾಳಿಯ ಆಮ್ಲಜನಕ ತಾಗಿದೊಡನೆ ಅದು ಲೋಹದ ಮೇಲೆ ಒಂದು ಪೊರೆಯನ್ನು ಕಟ್ಟುತ್ತದೆ. ಈ ಪೊರೆಯ ದಪ್ಪ ಕೆಲವೇ ನ್ಯಾನೊಮೀಟರ್, ಅಂದರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ನೀರು ಮತ್ತು ಗಾಳಿ ಒಳಗಿನ ಕಬ್ಬಿಣವನ್ನು ಮುಟ್ಟದಂತೆ ತಡೆಯುತ್ತದೆ. ಹಾಲಿನ ಮೇಲಿನ ಕೆನೆಯನ್ನು ಸರಿಸಿದರೆ ಮತ್ತೆ ಕೆನೆ ಕಟ್ಟುವಂತೆ, ಗೀರು ಬಿದ್ದಾಗ ಈ ಪೊರೆಯೂ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಎರಡೇ: ಮೇಲ್ಮೈ ಸ್ವಚ್ಛವಾಗಿರಬೇಕು, ಗಾಳಿ ತಾಗಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ತುಕ್ಕಿಗೆ ದಾರಿಯಾಗುತ್ತದೆ.

ಅಂಗಡಿಯಲ್ಲಿ ಕೇಳಿಬರುವ 304, 202 ಎಂಬ ಅಂಕಿಗಳು ಬೆರಕೆಯ ಹೆಸರುಗಳು. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ನಿಕಲ್ ದುಬಾರಿ. ಅದನ್ನು 4ರಿಂದ 6 ಪಾಲಿಗೆ ಇಳಿಸಿ, ಬದಲಿಗೆ ಮ್ಯಾಂಗನೀಸ್ ಹೆಚ್ಚಿಸಿದ್ದು 202. ಬೆಲೆ ಕಡಿಮೆ, ಹೊಳಪಿಗೆ ಕೊರತೆಯಿಲ್ಲ, ಆದರೆ ಮಳೆಗೆ ಒಡ್ಡಿದರೆ 304ರಷ್ಟು ತಾಳುವುದಿಲ್ಲ. ಮನೆಯೊಳಗಿನ ಮೆಟ್ಟಿಲಿಗೆ 202 ಸಾಕು, ಬಯಲಿಗೆ ತೆರೆದ ಬಾಲ್ಕನಿಗೆ 304 ಬೇಕು ಎಂಬುದು ನನ್ನ ಎಣಿಕೆ. ಮಾಲಿಬ್ಡಿನಂ ಸೇರಿದ 316 ಬೇಕಾಗುವುದು ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ.

ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆಯನ್ನು ಅನೇಕರು ನಂಬುತ್ತಾರೆ. ನಿಕಲ್ ಇಲ್ಲದ 430ರಂಥ ಅಗ್ಗದ ಸ್ಟೀಲ್ ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತದೆ, ಅದನ್ನು ಹೀಗೆ ಗುರುತಿಸಬಹುದು. ಆದರೆ 202 ಮತ್ತು 304 ಎರಡೂ ಅಂಟುವುದಿಲ್ಲ. ಬಗ್ಗಿಸಿದ, ಒತ್ತಿದ ಜಾಗಗಳಲ್ಲಿ ಒಳ್ಳೆಯ 304 ಕೂಡ ಸ್ವಲ್ಪ ಸೆಳೆಯುತ್ತದೆ. ಹಾಗಾಗಿ ಇವೆರಡರಲ್ಲಿ ಯಾವುದು ಯಾವುದೆಂದು ಅಯಸ್ಕಾಂತ ಹೇಳಲಾರದು. ಪೈಪಿನ ಮೇಲಿನ ಮುದ್ರೆ ಮತ್ತು ಬಿಲ್ಲಿನಲ್ಲಿ ಬರೆದ ಗ್ರೇಡ್, ಇವುಗಳನ್ನು ನೋಡಿಟ್ಟುಕೊಳ್ಳಬೇಕು.

ಹೊಳಪು ಎಂದರೇನು

ಬೆಳಿಗ್ಗೆ ಗಾಳಿ ಏಳುವ ಮುನ್ನ ಕುಂದವಾಡ ಕೆರೆಯ ಏರಿಯ ಮೇಲೆ ನಡೆದವರು ನೀರಿನಲ್ಲಿ ಆಕಾಶವನ್ನು ನೋಡಿಯೇ ಇರುತ್ತಾರೆ. ಮೋಡದ ಅಂಚೂ ಸ್ಪಷ್ಟ. ಸ್ವಲ್ಪ ಹೊತ್ತಿನಲ್ಲಿ ಗಾಳಿ ಬೀಸಿ ಸಣ್ಣ ಅಲೆಗಳೆದ್ದರೆ ಚಿತ್ರ ಚೂರಾಗುತ್ತದೆ, ಬರೀ ಬೆಳಕಿನ ಮಿನುಗು ಉಳಿಯುತ್ತದೆ. ನೀರು ಅದೇ, ಬೆಳಕೂ ಅದೇ. ಮೇಲ್ಮೈ ಮಟ್ಟಸವಾಗಿದ್ದಾಗ ಬೆಳಕಿನ ಕಿರಣಗಳೆಲ್ಲ ಒಂದೇ ಶಿಸ್ತಿನಲ್ಲಿ ಹಿಂದಿರುಗುತ್ತವೆ. ಅಲೆ ಎದ್ದಾಗ ಒಂದೊಂದು ಕಿರಣ ಒಂದೊಂದು ದಿಕ್ಕು ಹಿಡಿಯುತ್ತದೆ.

ಸ್ಟೀಲ್‌ನಲ್ಲಿ ಆ ಅಲೆಗಳ ಜಾಗದಲ್ಲಿ ಗೀರುಗಳಿವೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ 0.4ರಿಂದ 0.7 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೇಲ್ಮೈಯ ಏರುತಗ್ಗು ಇದಕ್ಕಿಂತ ಬಹಳ ಕಡಿಮೆಯಾದರೆ ಬೆಳಕಿನ ಪಾಲಿಗೆ ಆ ಮೇಲ್ಮೈ ಮಟ್ಟಸವೇ. ಆಗ ಮುಖ ಕಾಣುತ್ತದೆ. ಅಂಗಡಿಯವರು ಮಿರರ್ ಫಿನಿಶ್ ಎನ್ನುವ ಮೇಲ್ಮೈಯಲ್ಲಿ ಸರಾಸರಿ ಏರುತಗ್ಗು 0.1 ಮೈಕ್ರಾನಿಗಿಂತ ಕಡಿಮೆ ಇರುತ್ತದೆ. ಮ್ಯಾಟ್ ಫಿನಿಶ್‌ನಲ್ಲಿ ಗೀರುಗಳನ್ನು ಬೇಕೆಂದೇ ಒಂದೇ ದಿಕ್ಕಿನಲ್ಲಿ ಉಳಿಸಿರುತ್ತಾರೆ.

ಇದರಿಂದ ಒಂದು ಮುಖ್ಯವಾದ ಮಾತು ತಿಳಿಯುತ್ತದೆ. ಬಣ್ಣ ಬಳಿದಂತೆ, ವಾರ್ನಿಷ್ ಹಚ್ಚಿದಂತೆ ಹೊಳಪನ್ನು ಸ್ಟೀಲ್‌ನ ಮೇಲೆ ಹಚ್ಚಲು ಬರುವುದಿಲ್ಲ. ಗೀರುಗಳನ್ನು ತೆಗೆಯುತ್ತ ಹೋದಾಗ ಕೊನೆಗೆ ಉಳಿಯುವುದೇ ಹೊಳಪು. ಪಾಲಿಶ್ ಎಂದರೆ ಲೋಹವನ್ನು ತೇಯುವ ಕೆಲಸ. ಮೊದಲು ಒರಟಾಗಿ, ಆಮೇಲೆ ನಯವಾಗಿ, ಕೊನೆಗೆ ಇನ್ನೂ ನಯವಾಗಿ.

ಗೀರಿನಿಂದ ಗೀರನ್ನು ಅಳಿಸುವುದು

ತೇಯುವ ಕಾಗದದ ಹಿಂಬದಿಯಲ್ಲಿ 80, 120, 240, 400 ಎಂಬ ಅಂಕಿಗಳಿರುತ್ತವೆ. ಇವು ಜರಡಿಯಿಂದ ಬಂದ ಲೆಕ್ಕ. ಅಂಕಿ ಹೆಚ್ಚಿದಂತೆ ಜರಡಿಯ ಕಣ್ಣು ಸಣ್ಣದು, ಕಾಗದದ ಮೇಲಿನ ಹರಳೂ ಸಣ್ಣದು. ಉಪ್ಪಿಟ್ಟಿನ ದಪ್ಪ ರವೆ, ಚಿರೋಟಿ ರವೆ, ಮೈದಾ ಇವುಗಳನ್ನು ಬೆರಳ ನಡುವೆ ಉಜ್ಜಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 80ರ ಹರಳು ಸುಮಾರು 0.2 ಮಿಲಿಮೀಟರ್, 400ರದು ಅದರ ಆರರಲ್ಲೊಂದು ಪಾಲು. ಹರಳು ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಆಗಿರುತ್ತದೆ. ಎರಡೂ ಸ್ಟೀಲ್‌ಗಿಂತ ಗಟ್ಟಿ.

ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ರೇಲಿಂಗ್ ಸಿದ್ಧವಾಗುವುದನ್ನು ನಿಂತು ನೋಡಿದರೆ ಈ ಕೆಲಸದ ಕ್ರಮ ಅರ್ಥವಾಗುತ್ತದೆ. ಪೈಪುಗಳು ಕಾರ್ಖಾನೆಯಲ್ಲೇ ಪಾಲಿಶ್ ಆಗಿ ಪ್ಲಾಸ್ಟಿಕ್ ಸುತ್ತಿಕೊಂಡು ಬಂದಿರುತ್ತವೆ. ಶೆಡ್ಡಿನವರು ಅವನ್ನು ಕತ್ತರಿಸಿ ಆರ್ಗಾನ್ ವೆಲ್ಡಿಂಗ್ ಮಾಡುತ್ತಾರೆ. ಬೆಸುಗೆಯ ಜಾಗ ಉಬ್ಬಿಕೊಳ್ಳುತ್ತದೆ, ಅದರ ಸುತ್ತ ಹಳದಿ, ನೇರಳೆ, ನೀಲಿ ಬಣ್ಣದ ಪಟ್ಟಿಗಳು ಮೂಡುತ್ತವೆ. ಮೊದಲು ಕೈ ಗ್ರೈಂಡರಿಗೆ 80ರ ಫ್ಲಾಪ್ ಡಿಸ್ಕ್ ಹಾಕಿ ಉಬ್ಬನ್ನು ಪೈಪಿನ ಮಟ್ಟಕ್ಕೆ ಇಳಿಸುತ್ತಾರೆ. ಕಾಗದದ ಎಸಳುಗಳನ್ನು ಹೂವಿನಂತೆ ಜೋಡಿಸಿದ ಚಕ್ರ ಅದು. ಆಮೇಲೆ 120, 180, 240, 320, 400 ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು.

ಕೆಲಸ ಗೆಲ್ಲುವುದೂ ಕೆಡುವುದೂ ಈ ಹಂತದಲ್ಲೇ. 120ರ ಕಾಗದಕ್ಕೆ ಇರುವ ಕೆಲಸವೆಂದರೆ 80ರ ಗೀರುಗಳನ್ನು ಪೂರ್ತಿ ಅಳಿಸಿ ತನ್ನ ಸಣ್ಣ ಗೀರುಗಳನ್ನು ಬಿಟ್ಟುಹೋಗುವುದು. 180ರದು 120ರ ಗೀರುಗಳನ್ನು ಅಳಿಸುವ ಕೆಲಸ. ಭದ್ರಾ ಕಾಲುವೆಯ ಕಡೆಯ ಗದ್ದೆಗಳನ್ನು ನೆನೆಯಿರಿ. ನೇಗಿಲು ಹೊಡೆದು, ಕುಂಟೆ ಹೊಡೆದು, ಹೆಂಟೆ ಒಡೆದ ಮೇಲೆ ಹಲಗೆ ಎಳೆದು ಸಮ ಮಾಡುತ್ತಾರೆ. ಹೆಂಟೆ ಒಡೆಯದೆ ನೇರವಾಗಿ ಹಲಗೆ ಎಳೆದರೆ ಅದು ಉಬ್ಬುಗಳ ಮೇಲೆ ಜಾರಿ ಹೋಗುತ್ತದೆ, ಗುಂಡಿಗಳು ಹಾಗೇ ಉಳಿಯುತ್ತವೆ. 80ರ ಚಕ್ರದಿಂದ ಎದ್ದು ಸೀದಾ 400ರ ಕಾಗದಕ್ಕೆ ಹಾರಿದರೂ ಹೀಗೇ. ಮೇಲಿನ ತುದಿಗಳು ನಯವಾಗುತ್ತವೆ, ಆಳದ ಗೀರುಗಳಿಗೆ ಕಾಗದ ಮುಟ್ಟುವುದೇ ಇಲ್ಲ.

ಹಳೆಯ ಗೀರು ಹೋಗಿದೆಯೋ ಇಲ್ಲವೋ ತಿಳಿಯಲು ಅನುಭವಿಗಳು ಒಂದು ಉಪಾಯ ಮಾಡುತ್ತಾರೆ. ಒಂದು ಹಂತದಲ್ಲಿ ಎಡದಿಂದ ಬಲಕ್ಕೆ ಉಜ್ಜಿದ್ದರೆ ಮುಂದಿನ ಹಂತದಲ್ಲಿ ಮೇಲಿನಿಂದ ಕೆಳಕ್ಕೆ ಉಜ್ಜುತ್ತಾರೆ. ಹೊಸ ಗೆರೆಗಳ ನಡುವೆ ಅಡ್ಡ ಗೆರೆ ಒಂದೇ ಒಂದು ಕಂಡರೂ ಅದು ಹಿಂದಿನ ಹಂತದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಅದು ಅಳಿಯುವ ತನಕ ಮುಂದಿನ ಕಾಗದವನ್ನು ಕೈಗೆತ್ತಿಕೊಳ್ಳುವುದಿಲ್ಲ. ಹಂತ ಬದಲಿಸುವಾಗ ಬಟ್ಟೆಯಿಂದ ಒರೆಸುವುದೂ ಮುಖ್ಯ. ಹಿಂದಿನ ಕಾಗದದಿಂದ ಉದುರಿದ ಒಂದು ದಪ್ಪ ಹರಳು ಉಳಿದರೆ ಅರ್ಧ ಗಂಟೆಯ ಕೆಲಸಕ್ಕೆ ಒಂದೇ ಎಳೆತದಲ್ಲಿ ಗೆರೆ ಬೀಳುತ್ತದೆ.

ಬಟ್ಟೆಯ ಚಕ್ರ, ಹಸಿರು ಬಾರ್

400 ಅಥವಾ 600ರ ಹಂತ ಮುಗಿದಾಗ ಸ್ಟೀಲ್ ಮಂಜು ಹಿಡಿದ ಕನ್ನಡಿಯಂತೆ ಬೂದುಬಣ್ಣದಲ್ಲಿರುತ್ತದೆ. ಇಲ್ಲಿಂದ ಮುಂದೆ ಕಾಗದದ ಕೆಲಸವಿಲ್ಲ, ಬಫ್‌ನದು. ಬಫ್ ಎಂದರೆ ಹತ್ತಿಬಟ್ಟೆಯ ದುಂಡನೆಯ ಪದರಗಳನ್ನು ಒಟ್ಟಿಗೆ ಹೊಲಿದು ಮಾಡಿದ ಚಕ್ರ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರು ನಮ್ಮದು. ಉಕ್ಕಿಗೆ ಕನ್ನಡಿಯ ಹೊಳಪು ತರುವುದು ಕೊನೆಗೆ ಹತ್ತಿಯ ಬಟ್ಟೆಯೇ ಎಂಬುದು ಇಲ್ಲಿಯವನಾದ ನನಗೆ ಬಹಳ ಹಿಡಿಸಿದ ಸಂಗತಿ.

ಬಟ್ಟೆ ತಾನಾಗಿ ಸ್ಟೀಲನ್ನು ತೇಯಲಾರದು. ತಿರುಗುವ ಚಕ್ರಕ್ಕೆ ಪಾಲಿಶ್ ಬಾರನ್ನು ಒತ್ತಿ ಹಚ್ಚುತ್ತಾರೆ. ಮೇಣ ಮತ್ತು ಕೊಬ್ಬಿನಲ್ಲಿ ಅತಿ ನಯವಾದ ಹರಳಿನ ಪುಡಿ ಕಲಸಿ ಗಟ್ಟಿ ಮಾಡಿದ ತುಂಡು ಅದು, ನೋಡಲು ಬಟ್ಟೆಸೋಪಿನಂತೆ. ಸ್ಟೀಲ್‌ನ ಕೊನೆಯ ಹೊಳಪಿಗೆ ಸಾಮಾನ್ಯವಾಗಿ ಬಳಸುವುದು ಹಸಿರು ಬಾರ್. ಆ ಹಸಿರು ಕ್ರೋಮಿಯಂ ಆಕ್ಸೈಡಿನ ಬಣ್ಣ. ಕೆಂಪು ಬಾರಿನಲ್ಲಿರುವುದು ಕಬ್ಬಿಣದ ಆಕ್ಸೈಡ್. ಅದು ಚಿನ್ನ ಬೆಳ್ಳಿಯಂಥ ಮೆತ್ತನೆಯ ಲೋಹಗಳಿಗೆ ಸರಿ, ಸ್ಟೀಲ್‌ಗೆ ಹೊಂದುವುದಿಲ್ಲ.

ಬಫ್ ಕೂಡ ಎರಡು ಹಂತದ್ದು. ಮೊದಲನೆಯದರಲ್ಲಿ ಕತ್ತಾಳೆ ನಾರಿನ ಚಕ್ರ ಅಥವಾ ಬಿಗಿಯಾಗಿ ಹೊಲಿದ ಬಟ್ಟೆಯ ಚಕ್ರ ಬೇಕು, ಒತ್ತಡವೂ ಬೇಕು. ಚಕ್ರ ತಿರುಗುವ ದಿಕ್ಕಿಗೆ ಎದುರಾಗಿ ಲೋಹವನ್ನು ಸರಿಸುತ್ತಾರೆ. 400ರ ಕಾಗದ ಬಿಟ್ಟ ಗೆರೆಗಳು ಇಲ್ಲಿ ಅಳಿಯುತ್ತವೆ. ಎರಡನೆಯದರಲ್ಲಿ ಸಡಿಲವಾದ ಮೃದು ಬಟ್ಟೆ, ಹಸಿರು ಬಾರ್, ಹಗುರವಾದ ಕೈ. ಈ ಸಲ ಚಕ್ರ ತಿರುಗುವ ದಿಕ್ಕಿಗೇ ಲೋಹವನ್ನು ಸರಿಸುತ್ತಾರೆ. ಬೂದುಬಣ್ಣದ ಮಂಜು ಸರಿದು ಒಳಗಿನಿಂದ ಕಪ್ಪುಛಾಯೆಯ ಆಳವಾದ ಹೊಳಪು ಮೇಲೇಳುವುದು ಆ ಕೊನೆಯ ಕೆಲವು ಎಳೆತಗಳಲ್ಲಿ. ಎಷ್ಟು ಸಲ ನೋಡಿದರೂ ಸಾಲದೆನಿಸುವ ಗಳಿಗೆ ಅದು.

ಆದರೆ ಹಿಂದಿನ ಹಂತಗಳಲ್ಲಿ ಬಿಟ್ಟುಹೋದ ಆಳವಾದ ಗೀರನ್ನು ಬಫ್ ಸರಿಪಡಿಸುವುದಿಲ್ಲ. ಗೀರಿನ ಅಂಚುಗಳನ್ನು ದುಂಡಗೆ ಮಾಡಿ ಅದನ್ನೂ ಹೊಳೆಸುತ್ತದೆ. ದೂರದಿಂದ ಫಳಫಳ, ಹತ್ತಿರದಿಂದ ಹೊಳೆಯುವ ಗೆರೆಗಳ ಗುಂಪು. ಅವಸರದ ಕೆಲಸದ ಗುರುತು ಇದು.

ಬಿಸಿ ಏರಿದರೆ

ಸ್ಟೀಲ್ ಬಿಸಿಯನ್ನು ಬೇಗ ಹರಡುವುದಿಲ್ಲ. ಗೇಟಿನ ಸಾಮಾನ್ಯ ಉಕ್ಕಿಗೆ ಹೋಲಿಸಿದರೆ ಇದರ ಸಾಮರ್ಥ್ಯ ಸುಮಾರು ಮೂರರಲ್ಲೊಂದು ಪಾಲು, ತಾಮ್ರಕ್ಕೆ ಹೋಲಿಸಿದರೆ ಇಪ್ಪತ್ತೈದರಲ್ಲೊಂದು. ಸ್ಟೀಲ್ ಪಾತ್ರೆಯಲ್ಲಿ ಪಾಯಸ ನಡುವೆ ಮಾತ್ರ ತಳ ಹಿಡಿಯುವುದಕ್ಕೂ, ಕೆಲವು ಪಾತ್ರೆಗಳಿಗೆ ತಾಮ್ರದ ತಳ ಕೊಡುವುದಕ್ಕೂ ಕಾರಣ ಇದೇ. ಗ್ರೈಂಡರ್ ಒಂದೇ ಜಾಗದಲ್ಲಿ ನಿಂತರೆ ಬಿಸಿ ಅಲ್ಲೇ ಕೂಡಿಕೊಂಡು ಸ್ಟೀಲ್ ಮೊದಲು ಹುಲ್ಲಿನ ಹಳದಿಗೆ, ಆಮೇಲೆ ನೀಲಿಗೆ ತಿರುಗುತ್ತದೆ. ತೆಳುವಾದ ಪೈಪು ಸೊಟ್ಟಗಾಗುವುದೂ ಉಂಟು.

ಆ ನೀಲಿ ನೋಡಲು ಚೆಂದ, ಆದರೆ ಅದು ಕೆಟ್ಟ ಗುರುತು. ಬಿಸಿಗೆ ಲೋಹ ಆಮ್ಲಜನಕದೊಡನೆ ಕೂಡಿ ಆಗುವ ಆಕ್ಸೈಡ್ ಪದರ ದಪ್ಪವಾಗಿ ಬೆಳೆದಿದೆ, ಅದು ಬೆಳೆಯಲು ಕೆಳಗಿನ ಲೋಹದ ಕ್ರೋಮಿಯಂ ಖರ್ಚಾಗಿದೆ ಎಂದು ಅರ್ಥ. ಕ್ರೋಮಿಯಂ ಕಡಿಮೆಯಾದ ಜಾಗದಲ್ಲಿ ಕಾಯುವ ಪೊರೆ ಗಟ್ಟಿಯಾಗಿ ಕಟ್ಟುವುದಿಲ್ಲ. ಬೆಸುಗೆಯ ಸುತ್ತಲಿನ ಬಣ್ಣವನ್ನು ಪೂರ್ತಿ ತೆಗೆದು, ಅದರ ಕೆಳಗಿನ ತೆಳು ಪದರವನ್ನೂ ತೇಯಬೇಕಾದದ್ದು ಇದಕ್ಕೇ. ಮುಂಬದಿ ಹೊಳೆಯುವಂತೆ ಮಾಡಿ ಪೈಪಿನ ಅಡಿಯಲ್ಲಿ, ಗೋಡೆಯ ಕಡೆಗೆ ನೀಲಿ ಪಟ್ಟಿಯನ್ನು ಹಾಗೇ ಬಿಟ್ಟರೆ ತುಕ್ಕು ಶುರುವಾಗುವುದು ಅಲ್ಲಿಂದಲೇ.

ಕಂದು ಚುಕ್ಕೆ ಎಲ್ಲಿಂದ ಬಂತು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೊಸ ರೇಲಿಂಗಿನ ಮೇಲೆ ಕಾಣುವ ಕಂದು ಚುಕ್ಕೆಗಳಲ್ಲಿ ಎಷ್ಟೋ ಸಲ ತುಕ್ಕು ಹಿಡಿದಿರುವುದು ಸ್ಟೀಲ್ ಅಲ್ಲ, ಅದರ ಮೇಲೆ ಕೂತ ಬೇರೆ ಕಬ್ಬಿಣ. ಒಂದೇ ಶೆಡ್ಡಿನಲ್ಲಿ ಈ ಬದಿಗೆ ಕಬ್ಬಿಣದ ಗೇಟು ಕತ್ತರಿಸುತ್ತಿರುತ್ತಾರೆ, ಆ ಬದಿಗೆ ಸ್ಟೀಲ್ ಕಂಬಿಗಳು ಒರಗಿರುತ್ತವೆ. ಗ್ರೈಂಡರಿನಿಂದ ಹಾರುವ ಒಂದೊಂದು ಕಿಡಿಯೂ ಕಾದ ಕಬ್ಬಿಣದ ಕಣ. ಅದು ಸ್ಟೀಲ್‌ಗೆ ಬಡಿದು ಅಂಟಿಕೊಳ್ಳುತ್ತದೆ. ಗೇಟಿಗೆ ಬಳಸಿದ ಚಕ್ರವನ್ನೇ ಸ್ಟೀಲ್‌ಗೂ ಬಳಸಿದರೆ, ಕಬ್ಬಿಣದ ತಂತಿಯ ಬ್ರಷ್‌ನಿಂದ ಉಜ್ಜಿದರೆ ಕಬ್ಬಿಣದ ಪುಡಿ ಗೀರಿನೊಳಗೇ ಒತ್ತಿಕೊಳ್ಳುತ್ತದೆ. ಮೊದಲ ಮಳೆಗೆ ಅದು ಕಂದಾಗುತ್ತದೆ. ಸ್ಟೀಲ್‌ಗೆ ಬಳಸುವ ಚಕ್ರ, ಕಾಗದ, ಬ್ರಷ್‌ಗಳನ್ನು ಬೇರೆಯೇ ಇಡಬೇಕು ಎಂಬ ನಿಯಮ ಇದರಿಂದ ಹುಟ್ಟಿದ್ದು.

ಎರಡನೆಯ ಕಾರಣ ಗೀರುಗಳೇ. ಒರಟಾದ ಗೀರಿನಲ್ಲಿ ದೂಳು, ನೀರು, ಉಪ್ಪಿನ ಅಂಶ ನಿಲ್ಲುತ್ತವೆ, ಗಾಳಿ ಸರಿಯಾಗಿ ತಾಗುವುದಿಲ್ಲ. ಪೊರೆ ಕಟ್ಟಲು ಬೇಕಾದ ಎರಡೂ ತಪ್ಪಿದಂತಾಯಿತು. ನಯವಾದ ಮೇಲ್ಮೈಯನ್ನು ಮಳೆಯೇ ತೊಳೆದುಕೊಂಡು ಹೋಗುತ್ತದೆ. ಮ್ಯಾಟ್ ಫಿನಿಶ್ ಆದರೆ ಗೆರೆಗಳು ಮೇಲಿನಿಂದ ಕೆಳಕ್ಕೆ ಇರುವುದು ಲೇಸು, ನೀರು ಇಳಿದುಹೋಗುತ್ತದೆ. ಅಡ್ಡ ಗೆರೆಗಳಲ್ಲಿ ದೂಳು ಕೂರುತ್ತದೆ.

ಮೂರನೆಯದನ್ನು ಹೊಸ ಮನೆ ಕಟ್ಟಿಸುವವರೆಲ್ಲರೂ ಗಮನಿಸಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಟೈಲ್ಸ್ ಹಾಸಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ನೆಲಕ್ಕೆ ಆಸಿಡ್ ಹಾಕುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರಲ್ಲಿರುವ ಕ್ಲೋರೈಡ್, ಸ್ಟೀಲ್‌ನ ಪೊರೆಗೆ ದೊಡ್ಡ ಶತ್ರು. ಆಸಿಡ್ ಸ್ಟೀಲ್‌ಗೆ ತಾಗಬೇಕೆಂದೇನೂ ಇಲ್ಲ, ಮುಚ್ಚಿದ ಮನೆಯಲ್ಲಿ ಏಳುವ ಹೊಗೆಯೇ ಸಾಕು. ನೆಲದ ಕೆಲಸವೆಲ್ಲ ಮುಗಿದು, ನೀರು ಹಾಕಿ ತೊಳೆದು, ಗಾಳಿಯಾಡಿದ ಮೇಲೆ ರೇಲಿಂಗ್ ಕೂರಿಸಬೇಕು. ಆಗಲೇ ಕೂರಿಸಿದ್ದರೆ ಆ ಆಸಿಡ್ ಬಳಸಲೇಬಾರದು.

ವಿದ್ಯುತ್ತಿನಿಂದ ಪಾಲಿಶ್

ಆಸ್ಪತ್ರೆಯ ಉಪಕರಣ, ಔಷಧ ಕಾರ್ಖಾನೆಯ ಪೈಪುಗಳಿಗೆ ಬಫ್ ಸಾಲದು. ಅವುಗಳನ್ನು ಫಾಸ್ಫಾರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಮುಳುಗಿಸಿ ವಿದ್ಯುತ್ತಿನ ಧನ ತುದಿಗೆ ಜೋಡಿಸುತ್ತಾರೆ. ಆಗ ಲೋಹವೇ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ, ಉಬ್ಬಿದ ತುದಿಗಳು ತಗ್ಗುಗಳಿಗಿಂತ ಬೇಗ ಕರಗುತ್ತವೆ. ಕೈ ಹೋಗದ ಮೂಲೆಗಳೂ ನಯವಾಗುತ್ತವೆ. ತಿದ್ದಬಹುದಾದದ್ದು ಕೆಲವೇ ಮೈಕ್ರಾನುಗಳಷ್ಟು, ಆದ್ದರಿಂದ ಇದಕ್ಕೂ ಮೊದಲೇ ತೇಯ್ದು ಸಿದ್ಧಪಡಿಸಿರಬೇಕು.

ಅಡುಗೆಮನೆಯ ಪಾತ್ರೆಗಳು

ಪಾತ್ರೆಗಳ ಮಂಕಿಗೆ ಮುಖ್ಯವಾಗಿ ಎರಡು ಕಾರಣಗಳು. ಮೊದಲನೆಯದು ನಮ್ಮ ಕೊಳವೆಬಾವಿಯ ಗಡಸು ನೀರು. ನೀರು ಆರಿದಾಗ ಸುಣ್ಣದ ಅಂಶ ಬಿಳಿ ಪದರವಾಗಿ ಉಳಿಯುತ್ತದೆ. ಹುಣಸೆಹಣ್ಣು ಅಥವಾ ನಿಂಬೆರಸದ ಹುಳಿ ಅದನ್ನು ಕರಗಿಸುತ್ತದೆ. ತೊಳೆದು ತಕ್ಷಣ ಬಟ್ಟೆಯಿಂದ ಒರೆಸಿದರೆ ಪದರ ಕೂರುವುದೇ ಇಲ್ಲ. ಎರಡನೆಯದು ಉಜ್ಜುವ ರೀತಿ. ಹಸಿರು ಸ್ಕ್ರಬ್ಬರಿನಲ್ಲೂ ಹರಳಿನ ಕಣಗಳಿರುತ್ತವೆ. ಹೊಳೆಯುವ ಹೊರಮೈಗೆ ಅದನ್ನು ತಾಗಿಸಿದರೆ ಕಾರ್ಖಾನೆಯವರು ಅಳಿಸಿದ ಗೀರುಗಳನ್ನು ನಾವೇ ಮತ್ತೆ ಬರೆದಂತೆ. ಮೃದುವಾದ ಬಟ್ಟೆ, ಸೋಪು, ತಳ ಹಿಡಿದಿದ್ದರೆ ರಾತ್ರಿಯಿಡೀ ನೆನೆಹಾಕಿದ ನೀರು, ಇಷ್ಟು ಸಾಕು.

ತಣ್ಣೀರಿಗೆ ಕಲ್ಲುಪ್ಪು ಹಾಕಿ ಒಲೆಯ ಮೇಲಿಡುವ ರೂಢಿಯಿದ್ದರೆ ಬಿಡುವುದು ಒಳ್ಳೆಯದು. ಕರಗದ ಹರಳು ತಳದಲ್ಲಿ ಕೂತ ಜಾಗದಲ್ಲಿ ಕ್ಲೋರೈಡ್ ದಟ್ಟವಾಗಿ ಪೊರೆಯನ್ನು ತಿನ್ನುತ್ತದೆ, ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಬೇಕು.

ಚಕ್ರದ ಮುಂದೆ ನಿಲ್ಲುವವರು

ಮನೆಯಲ್ಲೇ ಬಫ್ ಹಾಕಿ ನೋಡೋಣ ಎನ್ನುವವರಿಗೆ ಒಂದು ಲೆಕ್ಕ. ಎಂಟು ಇಂಚಿನ ಚಕ್ರ ನಿಮಿಷಕ್ಕೆ 2800 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 100 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. ತಟ್ಟೆಯ ಅಂಚು, ಚಮಚದ ತುದಿ ಬಟ್ಟೆಗೆ ಸಿಕ್ಕಿಕೊಂಡರೆ ಅದೇ ವೇಗದಲ್ಲಿ ಎಸೆಯುತ್ತದೆ. ವಸ್ತುವನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಬೇಕು. ಅಂಚನ್ನು ಚಕ್ರಕ್ಕೆ ಎದುರಾಗಿ ಒಡ್ಡದೆ, ಚಕ್ರ ಅಂಚಿನಿಂದ ಹೊರಕ್ಕೆ ಜಾರಿಹೋಗುವಂತೆ ಹಿಡಿಯಬೇಕು. ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇಬೇಕು. ಸಡಿಲ ತೋಳಿನ ಅಂಗಿ, ಸೆರಗು, ಕೊರಳಿನ ಟವೆಲ್, ದೊಗಲೆ ಕೈಗವಸು ಬೇಡ. ದಿನವಿಡೀ ಈ ದೂಳಿನಲ್ಲಿ ನಿಂತು ನಮ್ಮ ಮನೆಗಳನ್ನು ಹೊಳೆಸುವ ಹುಡುಗರ ಮೂಗಿಗೆ ಎಷ್ಟೋ ಸಲ ಒಂದು ಕರವಸ್ತ್ರವೇ ಗತಿ. ಅವರಿಗೆ ಒಳ್ಳೆಯ ಮಾಸ್ಕ್ ಕೊಡಿಸುವುದು ಕೆಲಸ ಕೊಡುವವರ ಹೊಣೆ.

ಕೆಲಸ ಒಪ್ಪಿಸಿಕೊಳ್ಳುವಾಗ

ರೇಲಿಂಗ್ ಮುಗಿಯಿತೆಂದು ಹೇಳಿದ ದಿನ ಹಗಲು ಬೆಳಕಿನಲ್ಲಿ ನೋಡಿ. ಪೈಪಿನ ನಡುವೆ ನೋಡುವುದರಿಂದ ತಿಳಿಯುವುದು ಕಾರ್ಖಾನೆಯ ಕೆಲಸ ಮಾತ್ರ. ಶೆಡ್ಡಿನ ಕೆಲಸ ತಿಳಿಯಬೇಕಾದರೆ ಬೆಸುಗೆಗಳನ್ನೇ ನೋಡಬೇಕು. ಮೊಬೈಲಿನ ಟಾರ್ಚನ್ನು ಬೆಸುಗೆಯ ಪಕ್ಕದಿಂದ, ಮೇಲ್ಮೈಗೆ ಓರೆಯಾಗಿ ಹಿಡಿದರೆ ಅಡಗಿದ ಗೀರುಗಳು ಎದ್ದು ಕಾಣುತ್ತವೆ. ಕಂಬಿಯ ಅಡಿಗೆ ಕೈ ಹಾಕಿ ಸವರಿ, ಬಗ್ಗಿ ನೋಡಿ ನೀಲಿ ಬಣ್ಣ ಉಳಿದಿದೆಯೇ ಎಂದು. ಆಮೇಲೆ ಎರಡು ಮೂರು ಬೆಸುಗೆಗಳಿಗೆ ಒದ್ದೆ ಬಟ್ಟೆ ಸುತ್ತಿ, ಒಣಗದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿ ರಾತ್ರಿಯಿಡೀ ಬಿಡಿ. ಕಬ್ಬಿಣದ ಪುಡಿ ಉಳಿದಿದ್ದರೆ ಬೆಳಿಗ್ಗೆ ಬಟ್ಟೆಯ ಮೇಲೂ ಕಂಬಿಯ ಮೇಲೂ ಕಂದು ಗುರುತು ಕಾಣುತ್ತದೆ. ಅದನ್ನು ತೋರಿಸಿ, ಆ ಬೆಸುಗೆಗಳನ್ನು ಹೊಸ ಕಾಗದದಿಂದ ಮತ್ತೊಮ್ಮೆ ತೇಯಲು ಹೇಳಿ. ಉಳಿದ ಹಣವನ್ನು ಅದಾದ ಮೇಲೆ ಕೊಟ್ಟರಾಯಿತು.